ದೂರದಿಂದ ಒತ್ತಿದ ಗುಂಡಿ

ಮಂಡಿನೋವು ಮನುಷ್ಯನನ್ನು ಎಲ್ಲೆಲ್ಲಿ ಕೂರಿಸುವುದೋ ಹೇಳಲಾಗದು. 1993ರ ಮಹಾಮಸ್ತಕಾಭಿಷೇಕವನ್ನು ಶ್ರವಣಬೆಳಗೊಳದ ಜನಸಂದಣಿಯ ನಡುವೆ ನಿಂತು ಕಣ್ತುಂಬಿಕೊಂಡ ನಾನು, 2018ರ ಮಹೋತ್ಸವವನ್ನು ಮೇಟಗಳ್ಳಿಯ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಪರದೆಯಲ್ಲಿ ನೋಡಿದೆ. ಹೀಗೆ ನೋಡಿದುದು ದರ್ಶನವೇ ಎಂದು ಆಗ ಶಂಕಿಸಿದ್ದೆ. ಮುಂದೊಂದು ದಿನ ಅಂಥ ಪರದೆಯನ್ನು ಇತರರಿಗೆ ಒದಗಿಸುವ ಕೆಲಸ ನನ್ನ ಪಾಲಿಗೇ ಬರುವುದೆಂದು ಎಣಿಸಿರಲಿಲ್ಲ.

2020ರ ಏಪ್ರಿಲ್ 6ರಂದು ಮಹಾವೀರ ಜಯಂತಿ ಬಂದಾಗ ಇಡೀ ದೇಶವೇ ಬಾಗಿಲು ಮುಚ್ಚಿಕೊಂಡಿತ್ತು. ಆ ಕಾಲದಲ್ಲಿ ಆರಂಭವಾದ ನೇರ ಪ್ರಸಾರದ ರೂಢಿ, ಬಾಗಿಲುಗಳು ತೆರೆದ ಮೇಲೂ ನಮ್ಮ ಪುಟ್ಟ ಸಭಾಭವನದಲ್ಲಿ ಉಳಿದುಕೊಂಡಿತು. ಹಾಸಿಗೆ ಹಿಡಿದ ವೃದ್ಧರಿಗೆ, ದೂರದೇಶದಲ್ಲಿರುವ ಮಕ್ಕಳಿಗೆ ಅದರಿಂದ ಉಪಕಾರವಾಗುತ್ತಿರುವುದು ನಿಜ. ಕಾರ್ಖಾನೆಯಲ್ಲಿ ಬಹುಕಾಲ ಯಂತ್ರಗಳೊಡನೆ ಕಳೆದವನೆಂಬ ಕಾರಣಕ್ಕೆ ಆ ಹೊಣೆ ನನ್ನ ಹೆಗಲೇರಿತು.

ಓದುಗರಲ್ಲಿ ಇದನ್ನು ಅರಿಯದವರಿಗಾಗಿ ಎರಡು ಮಾತು. ಒಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶವೊಂದಿದೆ. ಕ್ಯಾಮೆರಾದ ಚಿತ್ರವನ್ನೂ ಮೈಕಿನ ಧ್ವನಿಯನ್ನೂ ಸೇರಿಸಿ ಯೂಟ್ಯೂಬಿನಂತಹ ತಾಣಕ್ಕೆ ಕಳುಹಿಸುವುದು ಅದರ ಕೆಲಸ. ಅದು ಕೂತಿರುವುದು ವೇದಿಕೆಯ ಪಕ್ಕದ ಕಂಪ್ಯೂಟರಿನಲ್ಲಿ. ಪೂಜೆಯ ನಡುವೆ ನಾನು ಕುಂಟುತ್ತ ಅಲ್ಲಿಗೆ ಹೋಗಿ ಬರುವುದು ಎಲ್ಲರಿಗೂ ಮುಜುಗರ. 2022ರಲ್ಲಿ ಬಂದ 28ನೆಯ ಆವೃತ್ತಿಯಿಂದ ಮೊದಲುಗೊಂಡು, ದೂರದಿಂದ ಆಜ್ಞೆ ಸ್ವೀಕರಿಸುವ ವ್ಯವಸ್ಥೆ ಆ ತಂತ್ರಾಂಶದೊಳಗೇ ಅಡಕವಾಗಿದೆ. ಕಂಪ್ಯೂಟರೂ ಟ್ಯಾಬ್ಲೆಟ್ಟೂ ಒಂದೇ ವೈ-ಫೈಯಲ್ಲಿದ್ದು, ಕಂಪ್ಯೂಟರಿನ ವಿಳಾಸ, 4455 ಎಂಬ ದ್ವಾರಸಂಖ್ಯೆ ಹಾಗೂ ಪಾಸ್‌ವರ್ಡು ಕೊಟ್ಟರೆ ಸಾಕು. ಭವನದ ಹಿಂಬದಿಯ ಕಂಬಕ್ಕೊರಗಿ ಕುಳಿತೇ ದೃಶ್ಯ ಬದಲಿಸಬಹುದು, ಮೈಕನ್ನು ಮೌನಗೊಳಿಸಬಹುದು, ಪ್ರಸಾರವನ್ನು ನಿಲ್ಲಿಸಬಹುದು. ಪ್ರಸಾರಕ್ಕೊಂದು ಗುಂಡಿ, ಮುದ್ರಣಕ್ಕೆ ಇನ್ನೊಂದು. ಒಂದನ್ನು ನಿಲ್ಲಿಸಿದರೆ ಇನ್ನೊಂದು ತಾನಾಗಿ ನಿಲ್ಲಬೇಕೆಂಬ ನಿಯಮವಿಲ್ಲ. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

2023ರ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಿತು. ಕಾರ್ಯಕ್ರಮ ಮುಗಿದು ಜನರು ಪರಸ್ಪರ ಕೈಮುಗಿಯುತ್ತ ಚದುರುತ್ತಿದ್ದರು. ಪ್ರವಚನ ಪೀಠದ ಮೇಲಿನ ಮೈಕು ಇನ್ನೂ ಜೀವಂತವಾಗಿತ್ತು. ಅದರ ಪಕ್ಕದಲ್ಲಿ ವಯೋವೃದ್ಧರಾದ ಅಣ್ಣತಮ್ಮಂದಿರಿಬ್ಬರು ನಿಂತಿದ್ದರು. ತಮ್ಮ ಅಣ್ಣನ ಕೈಹಿಡಿದು ಮಾತಾಡತೊಡಗಿದರು. ಭವನದ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆದರೆ ಇಯರ್‌ಫೋನು ಹಾಕಿಕೊಂಡಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಪ್ರಸಾರ ನೋಡುತ್ತಿದ್ದವರಿಗೂ ಕೇಳಿಸಿತು. ಬಹುಕಾಲದ ಹಿಂದಿನ ಮನೆಯ ಮಾತು. ಈಗ ಇಲ್ಲದ ಒಬ್ಬರ ಮೇಲೆ ಬಂದಿದ್ದ ಅಪವಾದಕ್ಕೆ ಸಂಬಂಧಿಸಿದ್ದು. ಇಷ್ಟನ್ನು ಬರೆಯಲು ಆ ಇಬ್ಬರ ಒಪ್ಪಿಗೆ ಪಡೆದಿದ್ದೇನೆ. ಇದಕ್ಕಿಂತ ಹೆಚ್ಚಿನದನ್ನು ಬರೆಯಲಾರೆ.

ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಆದರೆ ಒತ್ತಲಿಲ್ಲ. ಮರೆವಲ್ಲ, ಗಾಬರಿಯೂ ಅಲ್ಲ. ‘ಎಂತಹ ದೃಷ್ಟಾಂತ! ಕ್ಷಮಾವಾಣಿಯೆಂದರೆ ಇದಲ್ಲವೆ? ನೂರು ಪ್ರವಚನಕ್ಕಿಂತ ಇದು ಮೇಲು, ಜನ ನೋಡಲಿ’ ಎಂಬ ಭಾವ ಮನಸ್ಸಿನಲ್ಲಿ ಸುಳಿಯಿತು. ಹೆಚ್ಚೆಂದರೆ ಒಂದು ನಿಮಿಷ ಕಳೆದಿರಬಹುದು. ಆಮೇಲೆ ನಾಚಿಕೆಯಾಗಿ ಪ್ರಸಾರವನ್ನು ನಿಲ್ಲಿಸಿದೆ. ಮುದ್ರಣ ಮಾತ್ರ ನಡೆದೇ ಇತ್ತು. ಅಣ್ಣ ತಲೆಯಾಡಿಸಿದ್ದು, ತಮ್ಮನನ್ನು ತಬ್ಬಿಕೊಂಡದ್ದು, ಎಲ್ಲವೂ ಅದರಲ್ಲಿ ಸೇರಿಕೊಂಡಿತು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣದ ಭೇದಗಳನ್ನು ಎಣಿಸಿದ್ದಾರೆ. ಸಂಕಲ್ಪ, ಸಾಧನಸಂಗ್ರಹ, ಆರಂಭ ಎಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಬಾಲ್ಯದಲ್ಲಿ ಈ ಲೆಕ್ಕವನ್ನು ಮಗ್ಗಿಯಂತೆ ಉರುಹೊಡೆದಿದ್ದೆ. ಆ ರಾತ್ರಿ ಅದು ಬೇರೆಯದೇ ರೀತಿಯಲ್ಲಿ ನೆನಪಿಗೆ ಬಂದಿತು. ಧ್ವನಿಯನ್ನು ಹಿಡಿದದ್ದು ಮೈಕು, ಕಳುಹಿಸಿದ್ದು ತಂತ್ರಾಂಶ, ನಾನು ಕಂಬದ ಬಳಿ ಸುಮ್ಮನೆ ಕುಳಿತಿದ್ದೆ ಎಂದು ವಾದಿಸಬಹುದಿತ್ತು. ಆದರೆ ಬೆರಳು ಅಲುಗದಿದ್ದಾಗಲೂ ಅನುಮೋದನೆ ಪೂರ್ಣವಾಗಿಯೇ ನಡೆದಿತ್ತು. ಕಾರ್ಖಾನೆಯಲ್ಲಿ ನಮಗೊಂದು ಕಟ್ಟಪ್ಪಣೆಯಿತ್ತು: ಯಂತ್ರದ ಬಳಿ ನಿಂತವನು ಕಣ್ಣಿಗೆ ಕಾಣುವಂತಿದ್ದರಷ್ಟೆ ದೂರದ ಫಲಕದ ಮುಂದೆ ಕುಳಿತವನು ಗುಂಡಿ ಮುಟ್ಟಬೇಕು. ಇಲ್ಲಿ ಇಬ್ಬರೂ ನನಗೆ ಕಾಣುತ್ತಿದ್ದರು. ಹಾಗಿದ್ದೂ ನಾನು ಅವರನ್ನು ನೋಡಲಿಲ್ಲ, ದೃಷ್ಟಾಂತವನ್ನು ನೋಡಿದೆ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ ರಹೋಭ್ಯಾಖ್ಯಾನವೂ ಇದೆ. ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು. ಅದು ಸುಳ್ಳಲ್ಲವಲ್ಲ, ಸತ್ಯವ್ರತಕ್ಕೆ ಅದರಿಂದ ಹೇಗೆ ದೋಷ ತಟ್ಟೀತೆಂದು ಯೌವನದಲ್ಲಿ ಪಂಡಿತರೊಡನೆ ತರ್ಕ ಮಾಡಿದ್ದುಂಟು. ಅವರು ನಕ್ಕು ಸುಮ್ಮನಾಗಿದ್ದರು.

ಪ್ರಸಾರ ಮುಗಿದೊಡನೆ ಅದರ ಪ್ರತಿ ಯೂಟ್ಯೂಬಿನಲ್ಲಿ ಉಳಿದುಕೊಳ್ಳುತ್ತದೆ. ಅದನ್ನು ಆ ರಾತ್ರಿಯೇ ತೆಗೆಸಿದೆ. ಆದರೂ ಆಗಬೇಕಾದ್ದು ಆಗಿಹೋಗಿತ್ತು. ತಮ್ಮನ ಸೊಸೆ ಮನೆಯಲ್ಲಿ ನೋಡುತ್ತಿದ್ದಳಂತೆ. ಮರುದಿನ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು. “ನಾನು ಅಣ್ಣನ ಹತ್ತಿರ ಕೇಳಿದೆ, ಊರಿನ ಹತ್ತಿರ ಕೇಳಲಿಲ್ಲವಲ್ಲ” ಎಂದಷ್ಟೇ ಹೇಳಿ ಒಳಗಿನಿಂದ ನೀರು ತರಿಸಿ ಕೊಟ್ಟರು.

ಮುದ್ರಣದ ಕಡತವನ್ನು ಮಾತ್ರ ನಾನು ಅಳಿಸಿರಲಿಲ್ಲ. ಇದನ್ನೂ ಹೇಳಿಬಿಡಬೇಕು. ಹೆಸರು ಮುಖ ಮರೆಮಾಡಿ ಮುಂದಿನ ವರ್ಷ ಮಕ್ಕಳಿಗೆ ಕೇಳಿಸಬಹುದೆಂಬ ಆಸೆ ಉಳಿದಿತ್ತು. ಪರಿಗ್ರಹವೆಂದರೆ ಹೊಲ, ಚಿನ್ನ ಎಂದಷ್ಟೇ ತಿಳಿದವರು ಈ ಆಸೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದು ವಾರದ ಬಳಿಕ ಅಣ್ಣನೇ ನನ್ನನ್ನು ಹುಡುಕಿಕೊಂಡು ಭವನಕ್ಕೆ ಬಂದರು. ಅವರಿಗೆ ಕಿವಿ ಮಂದ. “ತಮ್ಮ ಅವತ್ತು ಏನೋ ಹೇಳಿದ. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಅಳುತ್ತಿದ್ದನೆಂದು ತಬ್ಬಿಕೊಂಡೆ. ಈಗ ಯಾರ್‍ಯಾರೋ ನನ್ನ ಮುಂದೆ ಅರ್ಧರ್ಧ ಮಾತಾಡುತ್ತಾರೆ. ನಿಮ್ಮ ಯಂತ್ರದಲ್ಲಿ ಅದು ಇದೆಯೇ?” ಎಂದರು.

ಇದೆ ಎಂದೆ. ಕೇಳಿಸುವುದು ಸುಲಭವಿತ್ತು, ಧ್ವನಿಯನ್ನು ಎಷ್ಟು ಬೇಕಾದರೂ ಏರಿಸಬಹುದಿತ್ತು. ಆದರೆ ಆಡಿದವರ ಅನುಮತಿಯಿಲ್ಲದೆ ಆ ಗುಂಡಿಯನ್ನು ಮುಟ್ಟಲು ಈ ಸಲ ಧೈರ್ಯ ಬರಲಿಲ್ಲ. ತಮ್ಮನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಬಹಳ ಹೊತ್ತು ಅತ್ತಲಿಂದ ಮಾತಿಲ್ಲ. ಬಳಿಕ “ಬರುತ್ತೇನೆ, ಅದನ್ನು ಹಾಕಬೇಡಿ” ಎಂದರು.

ಅವರು ಬಂದಾಗ ನಾನು ಎದ್ದು ಹೊರಗೆ ಹೋಗಲು ಅಣಿಯಾದೆ. ಇರಿ ಎಂದು ಸನ್ನೆ ಮಾಡಿದರು. ಬೆಂಚಿನ ಮೇಲೆ ಅಣ್ಣನ ಪಕ್ಕ ಕುಳಿತು, ಅವರ ಕಿವಿಯ ಬಳಿ ಬಾಯಿಟ್ಟು, ಎಲ್ಲವನ್ನೂ ಮೊದಲಿನಿಂದ ಗಟ್ಟಿಯಾಗಿ ಹೇಳಿದರು. ಈ ಬಾರಿ ಅಣ್ಣ ಕೂಡಲೇ ತಬ್ಬಿಕೊಳ್ಳಲಿಲ್ಲ. ನೆಲ ನೋಡುತ್ತ ಕುಳಿತರು. ಎಷ್ಟೋ ಹೊತ್ತಿನ ಮೇಲೆ ತಮ್ಮನ ತೊಡೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಅದನ್ನು ಅಳಿಸಿಬಿಡಿ” ಎಂದರು.

ಟ್ಯಾಬ್ಲೆಟ್ಟಿನ ಆ ಗುಂಡಿಗಳಿಂದ ಕಡತವನ್ನು ಅಳಿಸಲು ಬರುವುದಿಲ್ಲ. ಅದಕ್ಕೆ ಕಂಪ್ಯೂಟರಿನ ಬಳಿಗೇ ಹೋಗಬೇಕು. ನಾನು ಏಳಲು ತಡವರಿಸುತ್ತಿರುವುದನ್ನು ಕಂಡು ತಮ್ಮ ಬಂದು ಕೈಕೊಟ್ಟು ಎಬ್ಬಿಸಿದರು.