ಎರಡೂರಿನ ರಾಹುಕಾಲ

ತಮ್ಮನ ಮಗಳ ಮದುವೆಗೆಂದು ಮೈಸೂರಿನ ರಾಯರು ಸಿಂಗಪುರಕ್ಕೆ ಹೊರಟಾಗ ಅವರ ತಾಯಿಯವರು ಮನೆಯಲ್ಲಿಯೇ ಉಳಿಯಬೇಕಾಯಿತು. ವಯಸ್ಸು 87, ಮೊಣಕಾಲು ಪ್ರಯಾಣಕ್ಕೆ ಒಪ್ಪದು. ಮೊಮ್ಮಕ್ಕಳಲ್ಲಿ ಹೆಣ್ಣೆಂಬುದು ಇದೊಂದೇ. "ಧಾರೆಯ ಹೊತ್ತಿಗೆ ಸರಿಯಾಗಿ ಇಲ್ಲಿಂದಲೇ ಅಕ್ಷತೆ ಹಾಕುತ್ತೇನೆ. ಆ ಫೋನಿನಲ್ಲಿ ಮಗುವಿನ ಮುಖ ಕಾಣುವಂತೆ ಮಾಡು" ಎಂದು ಮಗನಿಂದ ಮಾತು ತೆಗೆದುಕೊಂಡರು.

ಮದುವೆ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಾಲಯದಲ್ಲಿ. 1855ರಿಂದ ನಡೆದುಬಂದು, 1978ರಲ್ಲಿ ರಾಷ್ಟ್ರೀಯ ಸ್ಮಾರಕವೆನಿಸಿದ ಗುಡಿ ಅದು. ಬೀದಿಗೆ ಕಾಲಿಟ್ಟೊಡನೆ ಮಲ್ಲಿಗೆಯ ಮಾಲೆ, ವೀಳ್ಯದೆಲೆ, ತಮಿಳಿನ ಹಲಗೆಗಳು! ಪರದೇಶಕ್ಕೆ ಬಂದೆನೆಂಬ ಭಾವನೆಯೇ ರಾಯರಿಗೆ ಬರಲಿಲ್ಲ. ಬಂದುದು ಮರುದಿನ ಮುಂಜಾನೆ. ಗಡಿಯಾರ ಆರೂವರೆ ತೋರಿಸುತ್ತಿದೆ, ಹೊರಗೆ ಇನ್ನೂ ಕತ್ತಲೆ!

ಮುಹೂರ್ತ ಶನಿವಾರ ಮಧ್ಯಾಹ್ನ 12 ಗಂಟೆಗೆ. (ಪರದೇಶದಲ್ಲಿ ರಜೆಯ ದಿನವೇ ಶುಭದಿನವಷ್ಟೆ.) ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಜ್ಜಿ ಬೆರಳೆಣಿಸಿ ಕಳೆದರು. ಗೋಡೆಯ ಕ್ಯಾಲೆಂಡರನ್ನು ನೋಡಿದರು. ಶುಕ್ರವಾರ ಸಂಜೆ ಫೋನು ಬಂದಿತು.

"ಏನೋ, ಶನಿವಾರ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲ. ಒಂಬತ್ತೂವರೆಗೆ ಧಾರೆಯೆರೆಯುತ್ತೀರೇನೋ?"

ರಾಯರು ಪುರೋಹಿತರನ್ನು ಕೇಳಿದರು. ಹಗಲನ್ನು ಎಂಟು ಭಾಗ ಮಾಡಿದರೆ ಶನಿವಾರ ಮೂರನೆಯದು ರಾಹುವಿನ ಪಾಲು. ಎಣಿಕೆ ಆಯಾ ಊರಿನ ಸೂರ್ಯೋದಯದಿಂದ. ಸಿಂಗಪುರವು ಭೂಮಧ್ಯರೇಖೆಯ ಮಗ್ಗುಲಲ್ಲಿರುವುದರಿಂದ ಅಲ್ಲಿ ವರ್ಷವಿಡೀ ಹಗಲಿರುಳು ಹೆಚ್ಚುಕಡಿಮೆ ಸಮ. ಸೂರ್ಯ ಏಳುವುದು ಮಾತ್ರ ಸುಮಾರು ಏಳು ಗಂಟೆಗೆ. ನೆರೆಯ ಮಲೇಷ್ಯಾದೊಡನೆ ಹೊಂದಲೆಂದು 1982ರ ಹೊಸವರ್ಷಕ್ಕೆ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಳ್ಳಿಕೊಂಡ ನಾಡು ಅದು. ಎಂದಮೇಲೆ ಅಲ್ಲಿಯ ರಾಹುಕಾಲ ಹತ್ತರಿಂದ ಹನ್ನೊಂದೂವರೆ, ಮುಹೂರ್ತಕ್ಕೆ ದೋಷವಿಲ್ಲ.

"ಇರಬಹುದು. ನೀವು ಅಲ್ಲಿಯ ಸೂರ್ಯನನ್ನು ನೋಡಿಕೊಂಡು ಧಾರೆಯೆರೆಯಿರಿ. ಮೈಸೂರಿನಲ್ಲಿ ಹತ್ತೂವರೆ ಕಳೆಯದೆ ನನ್ನ ಕೈಯ ಅಕ್ಷತೆ ಬೀಳುವುದಿಲ್ಲ."

ತಮ್ಮ ಮುಖ ತಿರುಗಿಸಿದ. ಇಪ್ಪತ್ತು ವರ್ಷ ದೂರವಿದ್ದವನ ಆಸೆ, ಧಾರೆಯ ಗಳಿಗೆಯಲ್ಲಿ ತಾಯಿ ಎದುರಿಗಿರಬೇಕೆಂಬುದೊಂದೇ. "ನಾನು ಇಲ್ಲಿಗೆ ಬಂದದ್ದನ್ನೇ ಅಮ್ಮ ಇನ್ನೂ ಮರೆತಿಲ್ಲ, ಅಣ್ಣ" ಎಂದ. ರಾಯರು ಉತ್ತರ ಕೊಡಲಿಲ್ಲ. ಅದು ಪೂರ್ತಿ ಸುಳ್ಳೆನ್ನುವಂತೆಯೂ ಇರಲಿಲ್ಲ.

ಮರುದಿನ ಧಾರೆಯಾಯಿತು. ಗಟ್ಟಿಮೇಳದ ನಡುವೆ ರಾಯರ ಕೈಯ ಫೋನು ಮೂಕವಾಗಿಯೇ ಇತ್ತು.

ಒಂದು ಗಂಟೆಗೆ ವಧೂವರರು ಎಲೆಯ ಮುಂದೆ ಕುಳಿತು ಪಾಯಸಕ್ಕೆ ಕೈಹಾಕಿದ್ದರು. ಫೋನು ಕೂಗಿತು. ರಾಯರು ಅದನ್ನು ನೀರಿನ ತಂಬಿಗೆಗೆ ಒರಗಿಸಿದರು. ರೇಷ್ಮೆ ಸೀರೆಯುಟ್ಟು, ಮುಷ್ಟಿ ಬಿಗಿಹಿಡಿದು ಕುಳಿತ ಅಜ್ಜಿ ಕಾಣಿಸಿದರು. ಒಂಬತ್ತೂವರೆಯಿಂದಲೂ ಹಾಗೆಯೇ ಕುಳಿತಿದ್ದರಂತೆ.

"ತಲೆ ಬಗ್ಗಿಸು ಮಗು."

ಅಕ್ಕಿಯ ಕಾಳು ಅಲ್ಲಿಯ ಫೋನಿನ ಗಾಜಿನ ಮೇಲೆ ಪಟಪಟನೆ ಬಿದ್ದ ಸದ್ದು ಇಲ್ಲಿ ಕೇಳಿಸಿತು. ಮೊಮ್ಮಗಳ ಬೆನ್ನ ಹಿಂದೆ ಅವಳ ತಂದೆಯೂ ಬಾಗಿದ್ದ.

"ನಿನಗೂ ಸೇರಿಸಿಯೇ ಹಾಕಿದ್ದೇನೆ, ಏಳು" ಎಂದರು ಅಜ್ಜಿ. ಬಳಿಕ, ಪಾಯಸ ಯಾವುದರದೆಂದು ವಿಚಾರಿಸತೊಡಗಿದರು.