ತೂಗುಹಾಕುವ ಕೆಲಸ

1968ರಲ್ಲಿ ನಮ್ಮೂರು ವಡ್ಡು ಬಿಟ್ಟು ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಸೇರಿದಾಗ ನನ್ನ ಕೈಗೆ ಬಂದದ್ದು ನ್ಯಾಟ್ ಯುದ್ಧವಿಮಾನದ ಡ್ರಾಪ್ ಟ್ಯಾಂಕ್. 1965ರ ಸೆಪ್ಟೆಂಬರ್ 3ರಂದು ಪೈಲಟ್ ಟ್ರೆವರ್ ಕೀಲರ್ ಅದೇ ನ್ಯಾಟ್‌ನಲ್ಲಿ ಹೋಗಿ ಪಾಕಿಸ್ತಾನದ ಸೇಬರ್ ವಿಮಾನಕ್ಕೆ ಹೊಡೆದ ಕಥೆ ಕ್ಯಾಂಟೀನಿನಲ್ಲಿ ಇನ್ನೂ ಬಿಸಿಯಾಗೇ ಇತ್ತು.

ನ್ಯಾಟ್ ಪುಟ್ಟ ವಿಮಾನ, ಹೊಟ್ಟೆಯೂ ಪುಟ್ಟದು. ದೂರ ಹೋಗಬೇಕಾದರೆ ಎರಡೂ ರೆಕ್ಕೆಯ ಕೆಳಗೆ ಒಂದೊಂದು ಇಂಧನ ಟ್ಯಾಂಕ್ ತೂಗುಹಾಕಬೇಕು. ದಾರಿಬುತ್ತಿಯ ಹಾಗೆ, ಮೊದಲು ಖಾಲಿಯಾಗುವುದು ಅದೇ. ಶತ್ರು ಎದುರಾದರೆ ಪೈಲಟ್ ಗುಂಡಿ ಒತ್ತಿ ಬೀಳಿಸಿಬಿಡುತ್ತಾನೆ.

ಮೇಲೆ ಹುಕ್ಕು ಟ್ಯಾಂಕಿನ ಭಾರ ಹೊರುತ್ತದೆ. ಅಕ್ಕಪಕ್ಕದ ಆನಿಕೆ ಸ್ಕ್ರೂಗಳು ಟ್ಯಾಂಕ್ ಹೊಯ್ದಾಡದಂತೆ ಒತ್ತಿ ಹಿಡಿಯುತ್ತವೆ. ನಡುವೆ ಇಂಧನದ ಪೈಪು, ಅದರ ಬಾಯಿಗೆ ರಬ್ಬರ್ ಸೀಲು. ಹಾರುವಷ್ಟು ಹೊತ್ತು ಟ್ಯಾಂಕ್ ಅಲುಗಬಾರದು, ಬಿಡು ಅಂದ ಗಳಿಗೆ ಅಂಟಿಕೊಳ್ಳಲೂಬಾರದು. ಒಂದು ಕಡೆಯದು ಬಿದ್ದು ಇನ್ನೊಂದು ಉಳಿದರೆ ವಿಮಾನ ಉಳಿದದ್ದರ ಕಡೆಗೇ ವಾಲುತ್ತದೆ.

ಹೊಸದರಲ್ಲಿ ನಾನೊಮ್ಮೆ ಜೋರು ತೋರಿಸಲು ಒಂದು ಬದಿಯ ಸ್ಕ್ರೂ ಅತಿಯಾಗಿ ಬಿಗಿದೆ. ಹಿರಿಯ ಫಿಟರ್ ಸ್ಪ್ಯಾನರ್ ಕಸಿದುಕೊಂಡು, “ಏ ತಮ್ಮಾ, ಇದೇನು ಬಂಡಿ ಗಾಲಿಯಾ? ಬಿಗೀಬೇಡ, ಕೂರಿಸು” ಅಂದರು. 1971ರ ಯುದ್ಧದ ದಿನಗಳಲ್ಲಿ ಪ್ರತಿ ಸ್ಕ್ರೂಗೂ ಆ ಮಾತು ನೆನಪಾಗುತ್ತಿತ್ತು.

ಆಮೇಲೆ ಅಜೀತ್ ಬಂತು. 1975ರಲ್ಲಿ ಮೊದಲ ಸಲ ಹಾರಿದ ಈ ಸುಧಾರಿತ ನ್ಯಾಟ್‌ನಲ್ಲಿ ರೆಕ್ಕೆಯೇ ಟ್ಯಾಂಕ್. ರೆಕ್ಕೆಯಡಿಯ ಜಾಗ ಬಾಂಬು, ರಾಕೆಟ್‌ಗಳಿಗೆ ಬಿಡುವಾಯಿತು. ನಮ್ಮ ಕಸುಬೂ ಮಗ್ಗುಲು ಬದಲಿಸಿತು: ಹುಕ್ಕಿನ ಬದಲು ರಿವೆಟ್, ಸ್ಪ್ಯಾನರಿನ ಬದಲು ಸೀಲೆಂಟ್. ತೊಟ್ಟಿಕ್ಕುವ ಟ್ಯಾಂಕನ್ನು ಇಳಿಸಿ ಬೇರೆಯದು ಏರಿಸಬಹುದಿತ್ತು. ತೊಟ್ಟಿಕ್ಕುವ ರೆಕ್ಕೆಯನ್ನು ಎಲ್ಲಿಗೆ ಇಳಿಸುವುದು? ಒಂದೊಂದು ರಿವೆಟ್ಟಿನ ತಲೆಯನ್ನೂ ನೋಡುತ್ತಾ ಕೂರಬೇಕಾಯಿತು.

ಈಗ ವಡ್ಡುವಿನ ಹತ್ತಿರವೇ ವಿದ್ಯಾನಗರ ವಿಮಾನ ನಿಲ್ದಾಣವಿದೆ. ಮೊನ್ನೆ ಮೊಮ್ಮಗ ಅಂಗಳದಲ್ಲಿ ನಿಂತು ಮೇಲೆ ಹೋಗುತ್ತಿದ್ದ ವಿಮಾನ ತೋರಿಸಿ, “ತಾತಾ, ಇದರ ಎಣ್ಣೆ ಎಲ್ಲೈತೆ?” ಅಂದ. “ರೆಕ್ಕೆಯಾಗೇ ಐತಪ್ಪ” ಅಂದೆ. ಹೊರಗೆ ತೂಗುವ ಟ್ಯಾಂಕು ಯುದ್ಧವಿಮಾನಗಳಿಗೆ ಇಂದೂ ಬೇಕು, ತೇಜಸ್ಸಿಗೂ ಬೇಕು. ಅದನ್ನು ಕೂರಿಸುವ ಹುಡುಗರಿಗೆ ನನ್ನದೊಂದೇ ಮಾತು: ಬಿಗೀಬೇಡಿ, ಕೂರಿಸಿ.