ಕಾವಲು

ಅಮೆರಿಕಕ್ಕೆ ಹೋಗಿ ಬಂದವರು ನಯಾಗರದ ಫೋಟೋ ತೋರಿಸುವುದು ವಾಡಿಕೆ. ನಮ್ಮ ಸ್ಟಾಫ್ ರೂಮಿನಲ್ಲೂ ಎಲ್ಲರೂ ಅದನ್ನೇ ಕೇಳಿದರು. ನಾನು ನೋಡಿ ಬಂದದ್ದು ಹುಲ್ಲು ಎಂದಾಗ ಹಿಂದಿ ಮೇಡಂ ನಕ್ಕುಬಿಟ್ಟರು. "ಹುಲ್ಲು ನೋಡೋಕೆ ಅಷ್ಟು ದೂರ ಹೋಗಬೇಕಿತ್ತೇನ್ರೀ? ಚಳ್ಳಕೆರೆ ಬಸ್ ಹತ್ತಿದ್ರೆ ಸಾಕಾಗ್ತಿತ್ತು!"

ಅವರು ಹೇಳಿದ್ದು ಸುಳ್ಳಲ್ಲ. 2024ರ ಲೋಕಸಭಾ ಚುನಾವಣೆಯ ಡ್ಯೂಟಿ ಮುಗಿಸಿ, ಉಳಿದ ರಜೆಯಲ್ಲಿ ಮೂರು ವಾರದ ಮಟ್ಟಿಗೆ ಮಗಳ ಮನೆಗೆ ಹೋಗಿದ್ದೆ. ಕಾನ್ಸಾಸ್ ರಾಜ್ಯದ ವಿಚಿಟಾ ಎಂಬ ಊರು. ಅಳಿಯಂದಿರಿಗೆ ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಒಂದು ಶನಿವಾರ ಬೆಳಿಗ್ಗೆ ಡೇರೆ, ಚಾಪೆ, ಚಪಾತಿ, ಚಟ್ನಿಪುಡಿ ಎಲ್ಲವನ್ನೂ ಕಾರಿಗೆ ತುಂಬಿ ಹೊರಟೆವು. ನಾಲ್ಕೈದು ಗಂಟೆಯ ದಾರಿ. ನಾರ್ಟನ್ ಎಂಬ ಸಣ್ಣ ಊರಿನ ಹತ್ತಿರ ಪ್ರೇರಿ ಡಾಗ್ ಸ್ಟೇಟ್ ಪಾರ್ಕ್. ಪಾರ್ಕ್ ಎಂದರೆ ನಮ್ಮ ಮುನ್ಸಿಪಾಲಿಟಿ ಪಾರ್ಕಿನಂತೆ ಕಲ್ಲುಬೆಂಚು, ಒಣಗಿದ ಕಾರಂಜಿ ಎಂದುಕೊಳ್ಳಬೇಡಿ. ಸಾವಿರ ಎಕರೆಗೂ ಮಿಕ್ಕ ಬಯಲು, ಪಕ್ಕದಲ್ಲಿ ದೊಡ್ಡ ಕೆರೆ, ನಡುನಡುವೆ ಡೇರೆ ಹಾಕುವ ಜಾಗಗಳು. ಗಾಳಿಗಂತೂ ಬಿಡುವೇ ಇಲ್ಲ. ಸೆರಗು ಹಿಡಿದುಕೊಳ್ಳುವುದರಲ್ಲೇ ನನಗೆ ಸಾಕಾಯಿತು. ನನಗೆ ನೆನಪಾದದ್ದು ನಮ್ಮ ಅಮೃತ್ ಮಹಲ್ ಕಾವಲು. ಮೈಸೂರು ಅರಸರ ದನಗಳಿಗೆಂದು ಮೀಸಲಿಟ್ಟ ಆ ಹುಲ್ಲುಬಯಲುಗಳಿಗೆ ನಮ್ಮ ಕಡೆ ಕಾವಲು ಎಂದೇ ಹೆಸರು.

ಪ್ರೇರಿ ಡಾಗ್ ಎಂದರೆ ನಾಯಿಯಲ್ಲ, ಅಳಿಲಿನ ಜಾತಿಯದು. ನಾಯಿಮರಿಯ ಹಾಗೆ ಬೊಗಳುವುದರಿಂದ ಆ ಹೆಸರಂತೆ. ಬಿಲಗಳ ಸುತ್ತ ಮಣ್ಣಿನ ದಿಬ್ಬ. ದಿಬ್ಬದ ಮೇಲೊಂದು, ಮುಂಗಾಲು ಎದೆಗೆ ಸೇರಿಸಿಕೊಂಡು, ಪ್ರಾರ್ಥನೆಗೆ ನಿಂತ ಮಗುವಿನಂತೆ ನೆಟ್ಟಗೆ ನಿಂತಿತ್ತು. ಉಳಿದವು ಹುಲ್ಲು ಮೇಯುತ್ತಿದ್ದವು. ನಾವು ಎರಡು ಹೆಜ್ಜೆ ಮುಂದಿಟ್ಟದ್ದೇ ತಡ, ಅದು ಕೀರಲು ದನಿಯಲ್ಲಿ ಬೊಗಳಿತು. ಕ್ಷಣದಲ್ಲಿ ಬಯಲೆಲ್ಲ ಖಾಲಿ!

"ಥೇಟ್ ನೀನೇ ಕಣಮ್ಮ," ಎಂದಳು ಮಗಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಪಾರ್ಕಿನಲ್ಲಿ ಹಳೆಯ ಕಾಲದ ಒಂದು ಕೋಣೆಯ ಶಾಲೆಯನ್ನು ಉಳಿಸಿಕೊಂಡಿದ್ದಾರೆ. 1890ರ ದಶಕದ ಮಣ್ಣಿನ ಇಟ್ಟಿಗೆಯ ಮನೆಯೂ ಇದೆ. ಮರವೇ ಕಡಿಮೆಯಿರುವ ಬಯಲಲ್ಲಿ ಮಣ್ಣಲ್ಲದೆ ಇನ್ನೇನಿಂದ ಮನೆ ಕಟ್ಟಿಯಾರು? ನಾನು ಓದಿದ್ದೂ ಒಂದೇ ಕೋಣೆಯ ಶಾಲೆಯಲ್ಲೇ. ಬೇರೆ ದಿನವಾಗಿದ್ದರೆ ಅಲ್ಲೇ ಒಂದು ಗಂಟೆ ನಿಲ್ಲುತ್ತಿದ್ದೆ. ಆದರೆ ನನ್ನ ಕಣ್ಣೆಲ್ಲ ಕೆರೆಯ ಕಡೆ ಓಡುತ್ತಿದ್ದ ಮೊಮ್ಮಗನ ಮೇಲಿತ್ತು.

ಕೆರೆ ಎಂದೆನಲ್ಲ, ಅದು ಪ್ರೇರಿ ಡಾಗ್ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿ 1964ರಲ್ಲಿ ಮುಗಿಸಿದ ಅಣೆಕಟ್ಟಿನ ನೀರು. ಪ್ರವಾಹ ತಡೆಯಲು, ಹೊಲಕ್ಕೆ ನೀರುಣಿಸಲು ಕಟ್ಟಿದ್ದು. ಈಗ ರಜೆ ಬಂದರೆ ಜನ ಗಾಳ ಹಿಡಿದು ಬರುತ್ತಾರೆ. ಹದಿನಾರು ದಾಟಿದವರಿಗೆ ಅದಕ್ಕೂ ಪರವಾನಗಿ ಬೇಕು. ಅಳಿಯಂದಿರು ತೆಗೆಸಿಕೊಂಡಿದ್ದರು. ಏಳು ವರ್ಷದ ಪುಟ್ಟನಿಗೆ ಬೇಕಿರಲಿಲ್ಲ. ಹೊಸ ಗಾಳದ ಕೋಲು, ಕಿತ್ತಳೆ ಬಣ್ಣದ ತೇಲುವ ಅಂಗಿ. ಅಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ನಾನು ಇಪ್ಪತ್ತು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಹೊತ್ತು ಮುಳುಗುವಾಗ ಅವನ ಕೋಲು ಒಮ್ಮೆಲೇ ಬಾಗಿತು. ಅವನು ಎದ್ದು ನಿಂತು ನೀರಿನತ್ತ ವಾಲಿದ. ನಾನು ಕಿರುಚಿದೆ. ಹೇಗೆ ಕಿರುಚಿದೆನೆಂದರೆ, ಅಕ್ಕಪಕ್ಕದ ಡೇರೆಯವರೆಲ್ಲ ಹೊರಗೆ ಬಂದರು. ಬೆಚ್ಚಿಬಿದ್ದ ಮಗು ಕೋಲನ್ನೇ ಕೈಬಿಟ್ಟಿತು. ಮೀನು ಅದನ್ನು ಎಳೆದುಕೊಂಡು ಹೋಯಿತು.

ಪುಟ್ಟ ಅಳುತ್ತಲೇ ಮಲಗಿದ. ಅಳಿಯಂದಿರು "ಇರಲಿ ಬಿಡಿ ಅತ್ತೆ, ಇನ್ನೊಂದು ಕೋಲಿದೆ" ಎಂದರು. ಮಗಳು ಮಾತ್ರ ಏನೂ ಅನ್ನಲಿಲ್ಲ. ಬೆಂಕಿ ಆರುತ್ತ ಬಂದಾಗ ಮೆಲ್ಲಗೆ ಶುರುಮಾಡಿದಳು. "ಎಂಟನೇ ಕ್ಲಾಸಲ್ಲಿ ಜೋಗದ ಟೂರಿಗೆ ನೀನು ಸಹಿ ಹಾಕಲಿಲ್ಲ. ಜ್ವರ ಅಂತ ಎಲ್ಲರಿಗೂ ಸುಳ್ಳು ಹೇಳಿದೆ. ಟೀಚರ್ ಮಗಳಾಗಿ ಟೂರಿಗೆ ಹೋಗದವಳು ನಾನೊಬ್ಬಳೇ. ಈಜು ಬೇಡ, ಹೊಳೆ ಬೇಡ, ಮಳೆಯಲ್ಲಿ ಬೇಡ. ಯಾಕೆ ಅಂತ ಒಂದು ದಿನವೂ ಹೇಳಲಿಲ್ಲ. ಈಗ ಅವನಿಗೂ ಶುರು ಮಾಡಬೇಡಮ್ಮ."

ಆಗ ಹೇಳಿದೆ. ನಡುಮನೆಯ ಗೋಡೆಯಲ್ಲಿ ಹಾರ ಹಾಕಿದ ಫೋಟೋದಲ್ಲಿರುವ ನನ್ನ ತಮ್ಮ ಜ್ವರದಿಂದ ಹೋದವನಲ್ಲ ಎಂದು. 1980ರಲ್ಲಿ, ಅವನಿಗೆ ಎಂಟು, ನನಗೆ ಹನ್ನೊಂದು. ಎಮ್ಮೆ ಮೈತೊಳೆಯಲು ಕೆರೆಗೆ ಹೋಗಿದ್ದೆವು. ಅವನನ್ನು ನೋಡಿಕೋ ಎಂದು ಅಮ್ಮ ನನಗೆ ಹೇಳಿದ್ದಳು. ನಾನು ಏರಿಯ ಮೇಲೆ ಗೆಳತಿಯೊಡನೆ ಕುಂಟೆಬಿಲ್ಲೆ ಆಡುತ್ತಿದ್ದೆ. ಹೂಳು ತೆಗೆದ ಗುಂಡಿ ಅಲ್ಲಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜ್ವರ ಎಂದು ಮೊದಲು ಯಾರು ಹೇಳಿದರೋ, ಮನೆಯಲ್ಲಿ ಹಾಗೇ ಉಳಿಯಿತು.

ಮಗಳು ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು ಬಂದು ನನ್ನ ಹೊದಿಕೆಯೊಳಗೇ ಸೇರಿಕೊಂಡಳು. "ಪುಟ್ಟನ ಜೊತೆ ನಾನೂ ಈಜು ಕಲಿಯೋಕೆ ಸೇರಿದೀನಿ. ನಿನಗೆ ಹೇಳೋಕೆ ಹೆದರಿಕೆ ಆಗಿತ್ತು," ಎಂದಳು. ಮೂವತ್ತು ದಾಟಿದ ಹೆಂಗಸು!

ಬೆಳಿಗ್ಗೆ ಪುಟ್ಟ ಅಪ್ಪನ ಕೋಲು ಹಿಡಿದು ನನ್ನ ಮುಂದೆ ನಿಂತ. "ಅಜ್ಜಿ, ಬಾ. ಆದರೆ ಕಿರುಚಬಾರದು." ಕಟ್ಟೆಯವರೆಗೂ ಹೋದೆ. ಕಾಲು ಇಳಿಬಿಡಲು ಮಾತ್ರ ಆಗಲಿಲ್ಲ, ಚಕ್ಕಳಮಕ್ಕಳ ಹಾಕಿ ಕುಳಿತೆ. ಸ್ವಲ್ಪ ಹೊತ್ತಿಗೆ ಅಂಗೈಯಗಲದ ಕ್ರಾಪಿ ಎಂಬ ಮೀನು ಸಿಕ್ಕಿತು. ನಾವು ತಿನ್ನುವವರಲ್ಲ. ಅಳಿಯಂದಿರು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟರು. ಪುಟ್ಟ ಅದಕ್ಕೆ ಟಾಟಾ ಮಾಡಿದ.

ಅಷ್ಟರಲ್ಲಿ ಮಗಳು ಪ್ಯಾಂಟು ಮಡಿಚಿಕೊಂಡು ನೀರಿಗೆ ಇಳಿದಿದ್ದಳು. ಪಾದ ಮುಳುಗಿತು, ಆಮೇಲೆ ಮೊಣಕಾಲು. ಒಮ್ಮೆ ತಿರುಗಿ ನನ್ನನ್ನು ನೋಡಿದಳು. ನಾನು ಫ್ಲಾಸ್ಕಿನ ಮುಚ್ಚಳ ತೆಗೆದು ಕಾಫಿ ಬಗ್ಗಿಸಿದೆ. ಅರ್ಧ ಕಟ್ಟೆಯ ಮೇಲೆ ಚೆಲ್ಲಿತು.